ಆಟಿಸಂ ಇರುವ ಮಗುವಿಗೆ ಶಾಲೆಯಲ್ಲಿ ಹಕ್ಕು ಕೇಳುವುದು ಹೇಗೆ: ನಮ್ಮ ಭಾಗದ ಪಾಲಕರಿಗೆ ಒಂದು ಮಾರ್ಗದರ್ಶಿ

ಜೂನ್ ಬಂತೆಂದರೆ ನನ್ನ ಫೋನ್ ಸುಮ್ನಿರುವುದಿಲ್ಲ. ಮಸ್ಕಿ, ಮಾನ್ವಿ, ಕಾರಟಗಿ, ಸಿರುಗುಪ್ಪ ಕಡೆಯ ತಾಯಂದಿರು ಮಾಡುತ್ತಾರೆ. ಹೆಚ್ಚಿನವರು ಕೇಳುವುದು ಒಂದೇ: "ಅಕ್ಕಾ, ನಮ್ ಹುಡುಗನ್ನ ಸಾಲ್ಯಾಗ ತಗೊಳಂಗಿಲ್ಲ ಅಂತಾರ, ಏನ್ ಮಾಡ್ಲಿ?" ನನ್ನ ಮಗನಿಗೂ ಆಟಿಸಂ ಇದೆ. ಸಿಂಧನೂರಿನಲ್ಲಿ ಎಂಟನೇ ಕ್ಲಾಸು ಓದುತ್ತಿದ್ದಾನೆ. ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳುವುದನ್ನೆಲ್ಲ ಒಂದೇ ಕಡೆ ಬರೆದಿಟ್ಟರೆ ಜಾಸ್ತಿ ಜನರಿಗೆ ಉಪಯೋಗ ಅನ್ನಿಸಿತು.

ಒಂದು ಮಾತು ಮೊದಲೇ ಹೇಳುತ್ತೇನೆ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಶಾಲೆಗೆ ಹೋಗಿ "ಸ್ವಲ್ಪ ನೋಡ್ಕೊಳ್ರಿ ಮೇಡಂ" ಎಂದು ಕೈಮುಗಿದು ವಾಪಸ್ ಬರಬೇಡಿ. ಮೇಡಂ ಕೂಡ "ಆಯ್ತಮ್ಮ" ಎನ್ನುತ್ತಾರೆ. ಏನು ನೋಡಬೇಕು, ಯಾವಾಗ ನೋಡಬೇಕು ಅನ್ನೋದು ಅವರಿಗೆ ಗೊತ್ತಿರುವುದಿಲ್ಲ, ನಾವೂ ಹೇಳಿರುವುದಿಲ್ಲ. ಅದರ ಬದಲು "ಬೆಲ್ ಹೊಡೆಯುವ ಮುಂಚೆ ನನ್ನ ಮಗನಿಗೆ ಒಂದು ಮಾತು ಹೇಳಿ" ಎಂದು ಕೇಳಿ. ಅದನ್ನು ಬರೆದು ಕೊಡಿ. ಇನ್ನೊಂದು ಪ್ರತಿಯ ಮೇಲೆ ಶಾಲೆಯ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ.

ಕಾಯ್ದೆ ನಮ್ಮ ಕಡೆ ಇದೆ

ಎರಡು ಕಾಯ್ದೆಗಳ ಹೆಸರು ಬಾಯಿಪಾಠ ಆಗಿರಲಿ.

ಒಂದು, ವಿಕಲಚೇತನರ ಹಕ್ಕುಗಳ ಕಾಯ್ದೆ 2016. ಇದಕ್ಕೂ ಮುಂಚೆ ಇದ್ದ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳನ್ನಷ್ಟೇ ಹೇಳಿದ್ದರು, ಆಟಿಸಂ ಹೆಸರೇ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ 21 ಇವೆ, ಆಟಿಸಂ ಸೇರಿದೆ. ಇದರ ಸೆಕ್ಷನ್ 16 ನಮಗೆ ಬಹಳ ಮುಖ್ಯ. ಸರ್ಕಾರದ ಹಣ ಪಡೆಯುವ ಶಾಲೆ ಇರಲಿ, ಬರೀ ಮಾನ್ಯತೆ ಪಡೆದ ಖಾಸಗಿ ಶಾಲೆ ಇರಲಿ, ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು. ಆ ಮಗುವಿಗೆ ಏನು ಬೇಕೋ ಅದಕ್ಕೆ ತಕ್ಕಂತೆ ಹೊಂದಾಣಿಕೆ ಮಾಡಿಕೊಡಬೇಕು. ಕಲಿಕೆ ಎಲ್ಲಿಗೆ ಬಂತು ಎಂದು ಗಮನಿಸುತ್ತಿರಬೇಕು. ಸೆಕ್ಷನ್ 17ರಲ್ಲಿ ಪರೀಕ್ಷೆಯ ರಿಯಾಯಿತಿಗಳಿವೆ. ಸೆಕ್ಷನ್ 31ರ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎನ್ನುವ ಆಯ್ಕೆ ಮಗುವಿನದು, ಅಂದರೆ ಪಾಲಕರದು. "ಇಂಥವರಿಗೆ ಬೇರೆ ಸಾಲಿ ಅದಾವಲ್ರಿ, ಅಲ್ಲಿಗೆ ಕಳಸ್ರಿ" ಎಂದು ಹೆಡ್‌ಮಾಸ್ತರು ಹೇಳಿದರೆ ಅದು ಅವರ ಸಲಹೆ. ತೀರ್ಮಾನ ಮಾಡುವವರು ನೀವು.

ಇನ್ನೊಂದು, ಶಿಕ್ಷಣ ಹಕ್ಕು ಕಾಯ್ದೆ 2009. ಜನ ಇದನ್ನು ಆರ್‌ಟಿಇ ಅಂತಾರೆ. ಸೇರಿಸಿಕೊಳ್ಳುವಾಗ ಮಗುವಿಗೆ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ ಎನ್ನುತ್ತದೆ ಸೆಕ್ಷನ್ 13. ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ ಎನ್ನುತ್ತದೆ ಸೆಕ್ಷನ್ 17. 2012ರ ತಿದ್ದುಪಡಿಯಲ್ಲಿ ವಿಕಲಚೇತನ ಮಕ್ಕಳನ್ನು ಈ ಕಾಯ್ದೆಯೊಳಗೆ ಸ್ಪಷ್ಟವಾಗಿ ತಂದರು.

ಇದನ್ನು ಕೇಳಲು ಸಂಕೋಚ ಬೇಡ. ಏಮ್ಸ್ ರಾಯಚೂರಿಗೇ ಬೇಕು ಎಂದು ವರ್ಷಗಟ್ಟಲೆ ಧರಣಿ ಕೂತ ಜಿಲ್ಲೆ ನಮ್ಮದು. ನಮ್ಮ ಪಾಲಿನದನ್ನು ಕೇಳುವುದು ಇಲ್ಲಿ ಯಾರಿಗೂ ಹೊಸದಲ್ಲ.

ಮೊದಲು ಸರ್ಟಿಫಿಕೇಟು, ಫೈಲು

ಮಗುವಿಗೆ ಆಟಿಸಂ ಇದೆ ಎಂದು ಬೆಂಗಳೂರು, ಹೈದರಾಬಾದಿನ ಖಾಸಗಿ ಡಾಕ್ಟರು ಬರೆದುಕೊಟ್ಟ ಚೀಟಿ ಕೆಲವರ ಹತ್ತಿರ ಇರುತ್ತದೆ. ಅದು ಬೇಕು, ಇಟ್ಟುಕೊಳ್ಳಿ. ಆದರೆ ಸರ್ಕಾರಿ ಸೌಲಭ್ಯಕ್ಕೆ ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮತ್ತು ಅದರ ಜೊತೆ ಬರುವ ಸರ್ಟಿಫಿಕೇಟ್ ಬೇಕಾಗುತ್ತದೆ. ಸ್ವಾವಲಂಬನ್ ಕಾರ್ಡ್ ಎನ್ನುವ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ ಸಾಕು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ ಅವರನ್ನು ಕೇಳಿ. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಿರುವುದೇ ಇಂಥ ಕೆಲಸಕ್ಕೆ, ಆದರೆ ತಮ್ಮ ಪಂಚಾಯಿತಿಯಲ್ಲಿ ಇಂಥವರೊಬ್ಬರು ಇದ್ದಾರೆ ಎಂದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಆಮೇಲೆ ತಪಾಸಣೆ. ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಕಿಮ್ಸ್, ಬಳ್ಳಾರಿಯವರಿಗೆ ನಾವೆಲ್ಲ ಈಗಲೂ ವಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ. ಆಟಿಸಂ ಅಳೆಯಲು ಐಎಸ್‌ಎಎ ಎಂಬ 40 ಪ್ರಶ್ನೆಗಳ ಮಾಪನ ಬಳಸುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನಾ, ಸದ್ದಿಗೆ ಹೆದರುತ್ತಾನಾ ಎಂಬಂಥವು. ಉತ್ತರ ಕೊಡುವವರು ಬಹುಮಟ್ಟಿಗೆ ನಾವೇ. ಡಾಕ್ಟರ ಮುಂದೆ ಮಗುವಿನ ಒಳ್ಳೆಯದನ್ನೇ ಹೇಳಬೇಕು ಎಂದು ತಾಯಿಯ ಮನಸ್ಸು ಎಳೆಯುತ್ತದೆ. ಆ ಹೊತ್ತಿನಲ್ಲಿ ಕಷ್ಟದ ದಿನ ಹೇಗಿರುತ್ತದೆ ಎಂದು ಹೇಳಿ. ಮನೆಯಲ್ಲಿ ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ತೋರಿಸಿ, ಯಾಕೆಂದರೆ ಆಸ್ಪತ್ರೆಯಲ್ಲಿ ಕೂತ ಅರ್ಧ ಗಂಟೆಯಲ್ಲಿ ಎಲ್ಲವೂ ಕಾಣುವುದಿಲ್ಲ.

ಮಗು ಇನ್ನೂ ಅಂಗನವಾಡಿಯಲ್ಲಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಟೀಚರಿಗೆ ಹೇಳಿ ತೋರಿಸಿ. ಅವರು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಬರೆದುಕೊಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನೂ ವಿಚಾರಿಸಿ. ಈ ಕಾರ್ಯಕ್ರಮವನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮೊದಲು ನಡೆಸಿ ನೋಡಿದ್ದು. ಆಮೇಲೆ ದೇಶಕ್ಕೆಲ್ಲ ಅದೇ ಮಾದರಿ ಆಯಿತು.

ಕೆಲವು ಮನೆಗಳಲ್ಲಿ ಸರ್ಟಿಫಿಕೇಟ್ ಮಾಡಿಸಲು ಹಿರಿಯರು ಒಪ್ಪುವುದಿಲ್ಲ. "ಹಣೆಗೆ ಹಚ್ಚಿದಂಗ ಆಗ್ತದ, ನಾಳೆ ತಂಗಿ ಮದಿವಿಗೆ ಅಡ್ಡ ಬರ್ತದ" ಅಂತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಕಾಗದ ಇಲ್ಲದೆ ಉಚಿತ ಶಿಕ್ಷಣ, ಪರೀಕ್ಷೆಯ ರಿಯಾಯಿತಿ ಯಾವುದೂ ಮುಂದೆ ಸಾಗುವುದಿಲ್ಲ. ಹುಲಿಗಿಗೆ ಹರಕೆ ಹೊತ್ತಿದ್ದರೆ ತೀರಿಸಿ ಬನ್ನಿ, ಅರ್ಜಿಯನ್ನೂ ಹಾಕಿ ಬನ್ನಿ.

ಕಾರ್ಡ್ ಬರುವವರೆಗೆ ಶಾಲೆಗೆ ಸೇರಿಸುವುದನ್ನು ಮುಂದೂಡಬೇಡಿ. ಸೆಕ್ಷನ್ 16 ಕೇಳಲು ಶೇ 40 ಆಗಿರಬೇಕು ಎಂದಿಲ್ಲ. ಚಿಕ್ಕ ಮಕ್ಕಳ ಸರ್ಟಿಫಿಕೇಟಿಗೆ ಕೆಲವೊಮ್ಮೆ ಅವಧಿ ಹಾಕಿರುತ್ತಾರೆ, ಮುಗಿಯುವ ತಾರೀಖು ನೋಡಿಕೊಳ್ಳಿ. ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಮೂಲ ಪ್ರತಿಯನ್ನು ಯಾರ ಕೈಗೂ ಬಿಟ್ಟು ಬರಬೇಡಿ, ಜೆರಾಕ್ಸ್ ಕೊಡಿ.

ಮಗುವಿನ ಬಗ್ಗೆ ಒಂದು ಪುಟ

ನನ್ನ ಅನುಭವದಲ್ಲಿ ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು ಇದು. ಸರ್ಟಿಫಿಕೇಟಿನಲ್ಲಿ ಶೇಕಡಾವಾರು ಇರುತ್ತದೆ, ಮಗು ಇರುವುದಿಲ್ಲ. ಅರವತ್ತು ಮಕ್ಕಳ ಕ್ಲಾಸು ನಡೆಸುವ ಟೀಚರಿಗೆ ಬೇಕಾದ್ದು ಸೋಮವಾರ ಬೆಳಿಗ್ಗೆ ಈ ಮಗುವಿನ ಜೊತೆ ಏನು ಮಾಡಬೇಕು ಅನ್ನೋದು. ಅದನ್ನು ಒಂದೇ ಪುಟದಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ನೀವು ಹೇಳಿ, ಓದುವ ಹುಡುಗರ ಕೈಲಿ ಬರೆಸಿ. ನಾನು ಬರೆದದ್ದು ಹೀಗಿತ್ತು:

"ಹೆಸರು ಕರೆದರೆ ತಿರುಗಿ ನೋಡದೇ ಇರಬಹುದು, ಆದರೆ ಕೇಳಿಸಿಕೊಳ್ಳುತ್ತಾನೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. 'ಪುಸ್ತಕ ತೆಗಿ, ಹನ್ನೆರಡನೇ ಪುಟ ನೋಡು, ಬರಿ' ಎಂದು ಒಟ್ಟಿಗೆ ಹೇಳಿದರೆ ಒಂದನ್ನೂ ಮಾಡುವುದಿಲ್ಲ. ಕಿವಿ ಮುಚ್ಚಿಕೊಂಡರೆ ಸದ್ದು ಜಾಸ್ತಿ ಆಗಿದೆ ಎಂದರ್ಥ. ವರಾಂಡಕ್ಕೆ ಕಳಿಸಿ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತಾನೆ. ಹಿಂದಿನಿಂದ ಮುಟ್ಟಬೇಡಿ. ಬಿಸಿಯೂಟದಲ್ಲಿ ಅನ್ನ ತಿನ್ನುತ್ತಾನೆ, ಸಾಂಬಾರು ಬೇರೆ ಬಟ್ಟಲಿಗೆ ಹಾಕಿ. ಅನ್ನದ ಮೇಲೆ ಸುರಿದರೆ ತಟ್ಟೆಯನ್ನೇ ಬಿಡುತ್ತಾನೆ. ಬಸ್ಸಿನ ಬೋರ್ಡುಗಳೆಂದರೆ ಪ್ರಾಣ. ಕನ್ನಡ ಅಕ್ಷರ ಕಲಿತಿದ್ದೇ ಅದರಿಂದ. ನೀರು ಕಂಡರೆ ಓಡುತ್ತಾನೆ."

ಕೊನೆಯ ಸಾಲನ್ನು ನಾನು ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ನಮ್ಮದು ಕಾಲುವೆ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆ, ಅದರ ಸಣ್ಣ ಕಾಲುವೆಗಳು ಗಂಗಾವತಿಯಿಂದ ಸಿಂಧನೂರು, ಮಾನ್ವಿವರೆಗೆ ಊರೂರಿನ ಪಕ್ಕ ಹರಿಯುತ್ತವೆ. ಆಟಿಸಂ ಇರುವ ಹಲವು ಮಕ್ಕಳಿಗೆ ಹೇಳದೆ ಕೇಳದೆ ಎದ್ದು ಹೋಗುವ ಸ್ವಭಾವ ಇರುತ್ತದೆ. ಹಾಗೆ ಹೋದವರಿಗೆ ದೊಡ್ಡ ಅಪಾಯ ನೀರಿನದೇ. ಶಾಲೆಯ ಗೇಟು ಪಾಠದ ಹೊತ್ತಿನಲ್ಲಿ ಮುಚ್ಚಿರಬೇಕು ಎಂದು ಬರಹದಲ್ಲಿ ಕೇಳಿ. ಮಗು ಕಾಣದಿದ್ದರೆ ಮೊದಲು ಕಾಲುವೆ ಕಡೆ ನೋಡಬೇಕು ಎಂದೂ, ನಿಮ್ಮ ಎರಡು ಫೋನ್ ನಂಬರೂ ಆ ಪುಟದಲ್ಲೇ ಬರೆಯಿರಿ. ಸಾಧ್ಯವಾದರೆ ಈಜು ಕಲಿಸಿ.

ಮನೆ ಭಾಷೆ ಬಗ್ಗೆಯೂ ಒಂದು ಸಾಲು ಇರಲಿ. ಬಳ್ಳಾರಿ, ರಾಯಚೂರಿನಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಬಹಳ. "ಎರಡು ಭಾಷೆ ಇದ್ದಿದ್ದಕ್ಕೇ ಮಾತು ಬಂದಿಲ್ಲ, ಮನೆ ಭಾಷೆ ಬಿಡ್ರಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ, ಜಾಸ್ತಿಯೂ ಆಗುವುದಿಲ್ಲ. ಅಜ್ಜಿ ಮಾತಾಡಿಸುವ ಭಾಷೆಯನ್ನು ಮಗುವಿನಿಂದ ಕಿತ್ತುಕೊಳ್ಳುವುದು ಯಾಕೆ?

ಸೇರಿಸುವ ದಿನ

ಇಬ್ಬರು ಹೋಗಿ. ಅಪ್ಪ ಬರಲು ಆಗದಿದ್ದರೆ ಅಕ್ಕ, ಮಾವ, ವಿ.ಆರ್.ಡಬ್ಲ್ಯೂ ಯಾರಾದರೂ ಸರಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಜಗಳದ ದನಿ ಬೇಡ. ಈ ಹೆಡ್‌ಮಾಸ್ತರ ಜೊತೆಗೇ ನಾವು ಏಳೆಂಟು ವರ್ಷ ಕಳೆಯಬೇಕು, ಅಲ್ವಾ?

ಬಾಯಿಮಾತಿನಲ್ಲಿ "ಆಗಲ್ಲ" ಎಂದರೆ ಒಂದೇ ಮಾತು ಹೇಳಿ: "ಸರಿ ಸರ್, ಯಾಕೆ ಆಗಲ್ಲ ಅಂತ ಬರೆದುಕೊಡಿ." ಬರೆದುಕೊಡಲು ಯಾರೂ ಮುಂದಾಗುವುದಿಲ್ಲ, ಯಾಕೆಂದರೆ ಹಾಗೆ ಬರೆಯುವುದೇ ಕಾಯ್ದೆ ಮುರಿದಂತೆ ಎಂದು ಅವರಿಗೂ ಗೊತ್ತು. ಆಗ ನಿಮ್ಮ ಅರ್ಜಿಯನ್ನು ಕೊಟ್ಟು ಸ್ವೀಕೃತಿ ಕೇಳಿ. ತೆಗೆದುಕೊಳ್ಳದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಫೈಲಿಗೆ ಹಾಕಿ. ಅರ್ಜಿ ಹೀಗಿರಲಿ:

"ಗೆ, ಮುಖ್ಯ ಗುರುಗಳು, (ಶಾಲೆಯ ಹೆಸರು). ವಿಷಯ: ನನ್ನ ಮಗುವಿನ ಪ್ರವೇಶ ಹಾಗೂ ಸೂಕ್ತ ಹೊಂದಾಣಿಕೆ ಕುರಿತು. ಮಾನ್ಯರೇ, ನನ್ನ ಮಗ/ಮಗಳು (ಹೆಸರು, ವಯಸ್ಸು) ಇವರಿಗೆ ಆಟಿಸಂ ಇದ್ದು, ವೈದ್ಯರ ವರದಿ ಲಗತ್ತಿಸಿದ್ದೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 16 ಮತ್ತು ಶಿಕ್ಷಣ ಹಕ್ಕು ಕಾಯ್ದೆ 2009ರ ಅಡಿ (ತರಗತಿ) ಪ್ರವೇಶ ನೀಡಬೇಕೆಂದು ಕೋರುತ್ತೇನೆ. ಜೊತೆಗೆ ಈ ಕೆಳಗಿನ ಹೊಂದಾಣಿಕೆ ಬೇಕಾಗಿದೆ: 1. ಮುಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಜಾಗ. 2. ಸದ್ದು ತಡೆಯಲಾಗದಾಗ ವರಾಂಡಕ್ಕೆ ಹೋಗಲು ಅನುಮತಿ. 3. ದಿನದ ಕೆಲಸಗಳ ಚಿತ್ರಪಟ್ಟಿ ಮೇಜಿನ ಮೇಲೆ ಇಡಲು ಅವಕಾಶ (ಪಟ್ಟಿಯನ್ನು ನಾವೇ ಮಾಡಿಕೊಡುತ್ತೇವೆ). ಈ ಬಗ್ಗೆ 15 ದಿನದೊಳಗೆ ಲಿಖಿತ ಉತ್ತರ ನೀಡಬೇಕೆಂದು ವಿನಂತಿ."

ಮೂರಕ್ಕಿಂತ ಹೆಚ್ಚು ಒಂದೇ ಸಲ ಕೇಳಬೇಡಿ. ಮೂರು ನಡೆದರೆ ನಾಲ್ಕನೆಯದು ತಾನಾಗೇ ಬರುತ್ತದೆ. ನಾನು ಬರೆದಿರುವ ಮೂರನ್ನೇ ನಕಲು ಮಾಡಬೇಡಿ. ನಿಮ್ಮ ಮಗುವಿಗೆ ಸದ್ದಿನ ಬದಲು ಬಿಸಿಲು ಕಷ್ಟವಾಗಿರಬಹುದು, ಯೂನಿಫಾರ್ಮಿನ ಕಾಲರ್ ಚುಚ್ಚುತ್ತಿರಬಹುದು.

ಖಾಸಗಿ ಶಾಲೆಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: "ನೀವೇ ಸಂಬಳ ಕೊಟ್ಟು ಶ್ಯಾಡೋ ಟೀಚರ್ ಇಟ್ರೆ ಸೀಟು ಕೊಡ್ತೀವಿ." ಶ್ಯಾಡೋ ಟೀಚರ್ ಅಂದರೆ ಕ್ಲಾಸಿನಲ್ಲಿ ಮಗುವಿನ ಜೊತೆಗೇ ಇದ್ದು ನೋಡಿಕೊಳ್ಳುವವರು. ಅಂಥ ಷರತ್ತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಿಮಗೆ ಅನುಕೂಲ ಇದ್ದು ಇಟ್ಟರೆ ಅದು ಬೇರೆ. ಸೀಟಿಗೆ ಅದನ್ನು ಗಂಟು ಹಾಕಲು ಬರುವುದಿಲ್ಲ.

ಬಿಆರ್‌ಸಿಗೆ ಹೋಗಿ, ಸ್ಯಾಟ್ಸ್ ನೋಡಿ

ಸೇರಿಸಿದ ಮೇಲೆ ಬಹಳ ಪಾಲಕರು ಇದನ್ನು ಬಿಟ್ಟುಬಿಡುತ್ತಾರೆ. ಮಗುವಿನ ವಿವರವನ್ನು ಶಾಲೆಯವರು ಸ್ಯಾಟ್ಸ್ ಎನ್ನುವ ಆನ್‌ಲೈನ್ ದಾಖಲೆಗೆ ಹಾಕುತ್ತಾರೆ. ಅಲ್ಲಿ 'ವಿಶೇಷ ಅಗತ್ಯವುಳ್ಳ ಮಗು' ಎಂದು, ಆಟಿಸಂ ಎಂದು ಗುರುತು ಹಾಕಿರಬೇಕು. ಹಾಕಿಲ್ಲ ಎಂದರೆ ಇಲಾಖೆಯ ಲೆಕ್ಕದಲ್ಲಿ ಆ ಮಗುವಿಗೆ ಯಾವ ತೊಂದರೆಯೂ ಇಲ್ಲ. ಯಾರೂ ಬರುವುದಿಲ್ಲ, ಯಾವ ಹಣವೂ ಬರುವುದಿಲ್ಲ. "ಸರ್, ಸ್ಯಾಟ್ಸ್‌ನಲ್ಲಿ ತೋರಿಸ್ರಿ" ಎಂದು ಕೇಳಿ ಕಣ್ಣಾರೆ ನೋಡಿ.

ಆಮೇಲೆ ತಾಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ ಬಿಐಇಆರ್‌ಟಿ ಶಿಕ್ಷಕರನ್ನು ಭೇಟಿ ಮಾಡಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ನೇಮಿಸಿದವರು ಇವರು. ಇಡೀ ತಾಲೂಕಿಗೆ ಕೆಲವೇ ಜನ ಇರುತ್ತಾರೆ, ಅದನ್ನು ತಿಳಿದುಕೊಂಡೇ ಮಾತಾಡಿ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದು 2022ರಲ್ಲಿ ಕೇಂದ್ರ ನಿಗದಿ ಮಾಡಿದೆ. ಅದಕ್ಕೆ ತಕ್ಕಂತೆ ಹುದ್ದೆ ಸೃಷ್ಟಿಸಿ ತುಂಬಿ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿದೆ. ನಿಮ್ಮ ಶಾಲೆಯಲ್ಲಿ ಅಂಥವರಿಲ್ಲದಿದ್ದರೆ ಅದು ಮಗುವನ್ನು ವಾಪಸ್ ಕಳಿಸಲು ಕಾರಣ ಆಗಲಾರದು, ಹುದ್ದೆ ಕೇಳಲು ಕಾರಣ ಆಗುತ್ತದೆ. ಬಿಐಇಆರ್‌ಟಿ ಶಿಕ್ಷಕರಿಂದ ಮೂರು ಕೇಳಿ: ಮಗುವಿನ ಮೌಲ್ಯಮಾಪನ, ಶಾಲೆಗೆ ಭೇಟಿ ಕೊಡುವ ದಿನಗಳು, ಕ್ಲಾಸ್ ಟೀಚರ ಜೊತೆ ಕೂತು ಮಾಡುವ ಕಲಿಕಾ ಯೋಜನೆ. ಸಾರಿಗೆ ಭತ್ಯೆ, ಜೊತೆಗೆ ಬರುವವರ ಭತ್ಯೆ, ಹೆಣ್ಣುಮಕ್ಕಳ ಪ್ರೋತ್ಸಾಹಧನದ ಬಗ್ಗೆಯೂ ವಿಚಾರಿಸಿ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಕೊಡುವುದು ಯೋಜನೆಯಲ್ಲಿದೆ.

ಒಂದು ಎಚ್ಚರಿಕೆ. ತೀವ್ರ ತೊಂದರೆ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣ ಇದೆ. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಅದು ದೊಡ್ಡ ಆಸರೆ. ಆದರೆ ಓಡಾಡುವ, ಕಲಿಯುವ ಮಗುವನ್ನು ಶಾಲೆಯಿಂದ ಹೊರಗಿಡಲು ಅದನ್ನು ಬಳಸುವುದನ್ನೂ ನೋಡಿದ್ದೇನೆ. ಕಾಯ್ದೆ ಹೇಳುವುದು ಅದನ್ನು ಆರಿಸಿಕೊಳ್ಳುವ ಹಕ್ಕಿದೆ ಎಂದು. ಒಪ್ಪಿಗೆ ಇಲ್ಲದಿದ್ದರೆ ಸಹಿ ಹಾಕಬೇಡಿ.

ಕಲಿಕಾ ಯೋಜನೆಯನ್ನು ಸಣ್ಣದಾಗಿ ಮಾಡಿಸಿ

ಯೂಟ್ಯೂಬಿನಲ್ಲಿ ಐಇಪಿ, ಅಂದರೆ ಒಂದೊಂದು ಮಗುವಿಗೂ ತಕ್ಕಂತೆ ಮಾಡುವ ಕಲಿಕಾ ಯೋಜನೆ ಬಗ್ಗೆ ನೂರಾರು ವಿಡಿಯೋ ಇವೆ. ಹೆಚ್ಚಿನವು ಅಮೆರಿಕದವು. ಅಲ್ಲಿ ಅದಕ್ಕೆಂದೇ ಕಾಯ್ದೆ ಇದೆ, ಶಾಲೆ ಸಭೆ ಕರೆಯಲೇಬೇಕು. ನಮ್ಮ 2016ರ ಕಾಯ್ದೆಯಲ್ಲಿ ಐಇಪಿ ಎನ್ನುವ ಹೆಸರಿಲ್ಲ, ಮಗುವಿಗೆ ತಕ್ಕ ವೈಯಕ್ತಿಕ ಬೆಂಬಲ ಕೊಡಬೇಕು ಎಂದಿದೆ. ಸಮಗ್ರ ಶಿಕ್ಷಣದ ಕೆಲಸದಲ್ಲಿ ಮಾತ್ರ ವೈಯಕ್ತಿಕ ಶಿಕ್ಷಣ ಯೋಜನೆ ಬಳಕೆಯಲ್ಲಿದೆ. ಹಾಗಾಗಿ ಅಮೆರಿಕದ ಕಾಯ್ದೆ ಹೇಳಿ ವಾದ ಮಾಡಬೇಡಿ, ಸೆಕ್ಷನ್ 16 ಹೇಳಿ.

ಯೋಜನೆಯಲ್ಲಿ "ಓದು ಬರಹ ಸುಧಾರಿಸುವುದು" ಎಂದು ಬರೆದಿದ್ದರೆ ಒಪ್ಪಬೇಡಿ. ಹಾಗೆ ಬರೆದರೆ ಆಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. "ದಸರಾ ರಜೆಯೊಳಗೆ, ಶೌಚಾಲಯಕ್ಕೆ ಹೋಗಬೇಕಾದಾಗ ಚಿತ್ರದ ಕಾರ್ಡ್ ತೋರಿಸುತ್ತಾನೆ" ಎಂದು ಬರೆಸಿ. "ಇಪ್ಪತ್ತರವರೆಗೆ ವಸ್ತು ಎಣಿಸಿ ಕೊಡುತ್ತಾಳೆ" ಎಂದು ಬರೆಸಿ. ಕಲಿಸುವವರು ಯಾರು, ಮತ್ತೆ ಕೂತು ನೋಡುವುದು ಯಾವಾಗ, ಅದೂ ಇರಲಿ. ಟೀಚರಿಗೆ ನೀವೇನು ಮಾಡಿಕೊಡುತ್ತೀರಿ ಎಂದೂ ಹೇಳಿ. ಚಿತ್ರದ ಕಾರ್ಡುಗಳನ್ನು ನಾನೇ ಹಳೆ ಲಗ್ನಪತ್ರಿಕೆ ಕತ್ತರಿಸಿ ಮಾಡಿಕೊಡುತ್ತಿದ್ದೆ. ಪ್ರಾರ್ಥನೆ, ಪಾಠ, ಊಟ, ಆಟ, ಮನೆ. ಒಂದು ಮುಗಿದ ಕೂಡಲೇ ಅದನ್ನು ತಿರುಗಿಸಿ ಇಡುವುದು. ಮುಂದೆ ಏನು ಎಂದು ಗೊತ್ತಾದರೆ ನನ್ನ ಮಗನ ಅರ್ಧ ಗಾಬರಿ ಇಳಿಯುತ್ತಿತ್ತು.

ನಡುವೆ ಮನೆಗೆ ಕಳಿಸುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಮ್ಮ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕುವುದು ಹೆಚ್ಚಾಗಿ ಹೀಗೇ. ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಗು ಮನೆಯಲ್ಲಿರುತ್ತದೆ.

ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಮಧ್ಯಾಹ್ನದ ಹೊತ್ತಿಗೆ ಫೋನ್ ಬರುತ್ತಿತ್ತು: "ಅಳಾಕತ್ತಾನ, ಕರ್ಕೊಂಡು ಹೋಗ್ರಿ." ನನ್ನ ಗಂಡ ರೈಸ್‌ಮಿಲ್ಲಿನ ಕೆಲಸ ಬಿಟ್ಟು ಬೈಕಿನಲ್ಲಿ ಓಡಬೇಕು. ಅರ್ಧ ದಿನದ ಕೂಲಿ ಹೋಯಿತು, ಮಗನ ಅರ್ಧ ದಿನದ ಪಾಠವೂ ಹೋಯಿತು. ಹಾಜರಿಯಲ್ಲಿ ಮಾತ್ರ ಪೂರ್ತಿ ದಿನ. ಆಗ ನಾನು ಹೆಡ್‌ಮಾಸ್ತರಿಗೆ ಒಂದು ಅರ್ಜಿ ಕೊಟ್ಟೆ: ಮಗುವನ್ನು ಬೇಗ ಕಳಿಸುವ ಪ್ರತಿ ಸಲ ಎಷ್ಟು ಗಂಟೆಗೆ, ಯಾವ ಕಾರಣಕ್ಕೆ, ಅದಕ್ಕೂ ಮುಂಚೆ ಏನು ನಡೆದಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಮಾಡಬೇಕು. ನೋಟ್‌ಬುಕ್ಕು ನಾನೇ ಕೊಟ್ಟೆ.

ಬರೆಯುತ್ತ ಹೋದಂತೆ ಟೀಚರಿಗೇ ಒಂದು ವಿಷಯ ಕಂಡಿತು. ಅಳು ಶುರುವಾಗುತ್ತಿದ್ದದ್ದು ಯಾವಾಗಲೂ ಬಿಸಿಯೂಟದ ಸಾಲಿನಲ್ಲಿ. ತಟ್ಟೆಗಳ ಸದ್ದು, ತಳ್ಳಾಟ, ಒಗ್ಗರಣೆ ವಾಸನೆ ಎಲ್ಲ ಒಟ್ಟಿಗೆ. ಅಡುಗೆಯವರ ಹತ್ತಿರ ಮಾತಾಡಿ ಬೆಲ್ಲಿಗಿಂತ ಸ್ವಲ್ಪ ಮುಂಚೆ ಅವನ ತಟ್ಟೆಗೆ ಹಾಕಿ, ವರಾಂಡದ ತುದಿಯಲ್ಲಿ ಕೂರಿಸಲು ಶುರುಮಾಡಿದರು. ಜೊತೆಗೆ ಒಬ್ಬ ಗೆಳೆಯನೂ ಕೂರುತ್ತಿದ್ದ. ಫೋನ್ ಬರುವುದು ನಿಂತಿತು. ಖರ್ಚು ಎಂದರೆ ಆ ನೋಟ್‌ಬುಕ್ಕಿನದಷ್ಟೇ.

ಹೊಡೆದರೆ, ಕಟ್ಟಿಹಾಕಿದರೆ, ರೂಮಿನಲ್ಲಿ ಕೂಡಿಹಾಕಿದರೆ ಮಾತು ಬೇರೆ. ಗುರುತಿನ ಫೋಟೋ ತೆಗೆಯಿರಿ, ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಪಡೆಯಿರಿ, ಅದೇ ದಿನ ದೂರು ಬರೆದು ಕೊಡಿ. 1098 ಮಕ್ಕಳ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಮಾತು ಬಾರದ ಮಗು ಶಾಲೆಯಿಂದ ಬಂದ ಮೇಲೆ ದಿನಾ ಮೈ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಬೇರೆ ಪಾಲಕರಿಂದ ತಕರಾರು ಬಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ನೀವೇ ಹೋಗಿ ಮಾತಾಡಿ. ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಮುಂದಿನ ಸಲ ಸಮಿತಿ ರಚಿಸುವಾಗ ಹೆಸರು ಕೊಡಿ. ಒಳಗಿದ್ದು ಕೇಳಿದರೆ ಗೇಟಿನ ರಿಪೇರಿಯೂ ಬೇಗ ಆಗುತ್ತದೆ.

ಮಾತಿಗೆ ಬಗ್ಗದಿದ್ದರೆ ಎಲ್ಲಿಗೆ ಹೋಗಬೇಕು

ಹೆಡ್‌ಮಾಸ್ತರು ಕೇಳದಿದ್ದರೆ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ), ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಆಮೇಲೆ ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು). ಪ್ರತಿ ಮೆಟ್ಟಿಲಿಗೂ ಹೊಸ ಕಥೆ ಬರೆಯಬೇಡಿ. ಮೊದಲ ಅರ್ಜಿ, ಸ್ವೀಕೃತಿ, ಉತ್ತರ ಬಂದಿದ್ದರೆ ಅದು, ಇವುಗಳ ಜೆರಾಕ್ಸಿನ ಮೇಲೆ ಅರ್ಧ ಪುಟದ ದೂರು ಸಾಕು. ಬಹಳಷ್ಟು ಕೆಲಸ ಬಿಇಒ ಹಂತದಲ್ಲೇ ಮುಗಿಯುತ್ತದೆ. ಸೀಲು ಬಿದ್ದ ಕಾಗದ ಕಂಡರೆ ಅವರು ಶಾಲೆಗೆ ಫೋನ್ ಮಾಡುತ್ತಾರೆ.

ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಿದ್ದಾರೆ. ಅಂಚೆಯಲ್ಲಿ ದೂರು ಕಳಿಸಬಹುದು, ವಕೀಲರೇ ಬೇಕೆಂದಿಲ್ಲ. ಅಧಿಕಾರಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನಂಥ ಅಧಿಕಾರ ಇದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು 3 ತಿಂಗಳೊಳಗೆ ಏನು ಮಾಡಿದೆವು ಎಂದು ತಿಳಿಸಬೇಕು. ಕಾಯ್ದೆ ಮುರಿದರೆ ಸೆಕ್ಷನ್ 89ರಲ್ಲಿ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ. ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು.

ವಕೀಲರು ಬೇಕೇ ಬೇಕು ಎನಿಸಿದರೆ ಸಾಲ ಮಾಡಬೇಡಿ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ವಿಕಲಚೇತನರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಕರೆ ಮಾಡಿ ಕೇಳಬಹುದು.

ಮಾಹಿತಿ ಹಕ್ಕಿನ ಅರ್ಜಿಯೂ ಒಳ್ಳೆಯ ದಾರಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಬಿಇಒ ಕಚೇರಿಗೆ ಹೀಗೆ ಕೇಳಿ: ನಮ್ಮ ತಾಲೂಕಿನಲ್ಲಿ ಆಟಿಸಂ ಎಂದು ದಾಖಲಾದ ಮಕ್ಕಳು ಎಷ್ಟು, ಬಿಐಇಆರ್‌ಟಿ ಶಿಕ್ಷಕರು ಎಷ್ಟು, ಈ ವರ್ಷ ನಮ್ಮ ಶಾಲೆಗೆ ಅವರು ಭೇಟಿ ಕೊಟ್ಟ ದಿನಗಳು ಯಾವುವು.

ಗುಳೆ ಹೋಗುವ ಮನೆಗಳಿಗೆ

ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳು ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆ ಬಹಳ. ಜೊತೆಗೆ ಹೋದ ಮಗುವಿನ ಹೆಸರು ಶಾಲೆಯಲ್ಲಿ ಹಾಗೇ ಉಳಿಯುತ್ತದೆ, ಅಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ. ಹೊರಡುವ ಮುಂಚೆ ಮಗುವಿನ ಸ್ಯಾಟ್ಸ್ ನಂಬರ್ ಬರೆದುಕೊಳ್ಳಿ. ಯುಡಿಐಡಿ ಕಾರ್ಡ್ ದೇಶದಲ್ಲೆಲ್ಲ ನಡೆಯುತ್ತದೆ, ಅದೂ ಜೊತೆಗಿರಲಿ. ಟಿಸಿ ಕೈಯಲ್ಲಿ ಇಲ್ಲ ಎಂದು ಇನ್ನೊಂದು ಶಾಲೆ ಪ್ರವೇಶ ತಡೆಯುವಂತಿಲ್ಲ. ಅದು ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 5. ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು ಹೋಗುವುದಾದರೆ ಆ ಒಂದು ಪುಟದ ಕಾಗದದಲ್ಲಿ ಅಜ್ಜಿಯ ಫೋನ್ ನಂಬರ್ ಸೇರಿಸಿ ಟೀಚರಿಗೆ ಕೊಟ್ಟು ಹೋಗಿ.

ಎಸ್‌ಎಸ್‌ಎಲ್‌ಸಿಗೆ ಎಂಟನೇ ಕ್ಲಾಸಿನಿಂದಲೇ

ನಾನೀಗ ಇರುವುದು ಇಲ್ಲಿ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಈ ಮೂರೂ ವಿಕಲಚೇತನರ ಕಾಯ್ದೆಯ ಸೆಕ್ಷನ್ 17ರಲ್ಲಿ ಹೆಸರು ಹಿಡಿದು ಇವೆ. ಪರೀಕ್ಷಾ ಮಂಡಳಿಗೆ ಅರ್ಜಿ ಹೋಗುವುದು ಹೆಡ್‌ಮಾಸ್ತರ ಮೂಲಕ, ಸರ್ಟಿಫಿಕೇಟಿನ ಜೊತೆ. ಹತ್ತನೇ ಕ್ಲಾಸಿನ ನೋಂದಣಿ ಹೊತ್ತಿಗೆ ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೆ ರಿಯಾಯಿತಿ ಸಿಗುವುದು ಕಷ್ಟ. ಹಾಗಾಗಿ ಈಗಲೇ ತಾರೀಖು ನೋಡಿ.

ಭಾಷೆ ಬಿಡುವುದನ್ನು ಅವಸರದಲ್ಲಿ ತೀರ್ಮಾನ ಮಾಡಬೇಡಿ. ಕೆಲವು ಮಕ್ಕಳಿಗೆ ಹಿಂದಿ ಅಕ್ಷರ ಇಷ್ಟ, ಅಂಕವೂ ಬರುತ್ತದೆ. ಸಹಾಯಕರ ಕೈಲಿ ಬರೆಸುವುದಕ್ಕೂ ಅಭ್ಯಾಸ ಬೇಕು. ಪರಿಚಯವಿಲ್ಲದವರ ಪಕ್ಕ ಕೂತು ಉತ್ತರ ಹೇಳುವುದು ನಮ್ಮ ಮಕ್ಕಳಿಗೆ ಪಾಠಕ್ಕಿಂತ ಕಷ್ಟ. ಈ ಸಲದ ಅರ್ಧವಾರ್ಷಿಕ ಪರೀಕ್ಷೆಯಲ್ಲೇ ಆರನೇ ಕ್ಲಾಸಿನ ಒಬ್ಬ ಹುಡುಗನನ್ನು ಮಗನ ಪಕ್ಕ ಕೂರಿಸಿ ಬರೆಸಿ ನೋಡಲು ಅನುಮತಿ ಬೇಕೆಂದು ಅರ್ಜಿ ಕೊಟ್ಟಿದ್ದೇನೆ. ನಿಮ್ಮ ಮಗು ಎಂಟು, ಒಂಬತ್ತರಲ್ಲಿದ್ದರೆ ನೀವೂ ಈ ತಿಂಗಳೇ ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.